ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಮೊದಲು ಮೆಷಿನ್ ಮಗುಚಿ ನಂಬರ್ ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಚಿತ್ರದುರ್ಗ, ಡಿಗ್ರಿ ಓದ್ತಿದೀನಿ. ನಮ್ಮ ಮಾವ ಅಟ್ಟದ ಮೇಲೆ ಇಟ್ಟಿದ್ದ ಪ್ಲೇಸ್ಟೇಷನ್ 2 ಸ್ಲಿಮ್ ನನಗೆ ಕೊಟ್ಟಿದ್ದಾರೆ. ಅಡಾಪ್ಟರ್ ಡಬ್ಬಿ ಇಲ್ಲ, ವೈರ್ ನೇರ ಗೋಡೆಯ ಪ್ಲಗ್‌ಗೆ ಹೋಗುತ್ತೆ. ಒಳಗೆ ಚಿಪ್ ಹಾಕಿಸಿದ್ದೆ ಅಂತಾರೆ, ಯಾವ ಚಿಪ್ ಅಂತ ಅವರಿಗೆ ನೆನಪಿಲ್ಲ. ಡಿಸ್ಕ್ ಹಾಕಿದರೆ ಓದೋದೇ ಇಲ್ಲ. ಅದಕ್ಕೆ ಫ್ರೀ ಎಂಸಿಬೂಟ್ (ಡಿಸ್ಕ್ ಇಲ್ಲದೆ ಕಾರ್ಡಿನಿಂದಲೇ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರ್) ಹಾಕಿರೋ 64 ಎಂಬಿ ಮೆಮೊರಿ ಕಾರ್ಡನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕಾರ್ಡ್ ಹಾಕಿ ಆನ್ ಮಾಡಿದರೂ ಮಾಮೂಲಿ ಮೆನುನೇ ಬರುತ್ತೆ. ದಾವಣಗೆರೆ ವಿದ್ಯಾನಗರದಲ್ಲಿ ನನ್ನ ಫ್ರೆಂಡ್ ಮನೇಲಿ ಹಳೇ ದಪ್ಪ ಪಿಎಸ್2 ಇದೆ. ಅಲ್ಲಿ ಅದೇ ಕಾರ್ಡ್ ತಕ್ಷಣ ಓಡಿತು. ಆದರೆ ಅಲ್ಲೂ ನನ್ನ 64 ಜಿಬಿ ಪೆನ್‌ಡ್ರೈವ್ ಖಾಲಿ ಅಂತ ತೋರಿಸ್ತು. ಲ್ಯಾಪ್‌ಟಾಪಲ್ಲಿ ನೋಡಿದ್ರೆ ಎಲ್ಲಾ ಫೈಲೂ ಇದಾವೆ. ಕೊನೆಗೆ ಒಪಿಎಲ್ (ಡಿಸ್ಕ್ ಬದಲು ಪೆನ್‌ಡ್ರೈವ್‌ನಿಂದ ಆಟ ಓಡಿಸೋ ಪ್ರೋಗ್ರಾಂ) ಸೆಟ್ಟಿಂಗ್ಸಲ್ಲಿ ವಿಡಿಯೊನ 480ಪಿ ಮಾಡಿದೆ, ಅವತ್ತಿಂದ ಒಪಿಎಲ್ ತೆರೆದ್ರೆ ಟಿವಿ ಪೂರ್ತಿ ಕಪ್ಪು. ಕಾರ್ಡೇ ಕೆಟ್ಟಿದೆ ಅನ್ಸುತ್ತೆ. ಫಾರ್ಮ್ಯಾಟ್ ಮಾಡಿ ಮೊದಲಿಂದ ಹಾಕಲಾ?

ಉತ್ತರ: ಬೇಡ. ಫಾರ್ಮ್ಯಾಟ್ ಬಟನ್ ಹತ್ತಿರವೂ ಹೋಗಬೇಡಿ. ನಿಮ್ಮ ಕಾರ್ಡ್ ಚೆನ್ನಾಗಿಯೇ ಇದೆ, ಅದನ್ನು ನೀವೇ ದಾವಣಗೆರೆಗೆ ತಂದು ಪರೀಕ್ಷೆ ಮಾಡಿದ್ದೀರಿ. ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಮೂರು. ಒಂದಕ್ಕೊಂದು ಸಂಬಂಧ ಇಲ್ಲದ ಮೂರು. ಮೊದಲನೆಯದು ನಿಮ್ಮ ಮೆಷಿನ್‌ಗೆ ಸೇರಿದ್ದು, ಎರಡನೆಯದು ಪೆನ್‌ಡ್ರೈವ್‌ಗೆ, ಮೂರನೆಯದು ಟಿವಿ ವೈರ್‌ಗೆ. ಮೂರೂ ಒಂದೇ ವಾರದಲ್ಲಿ ಎದುರಾದವು, ಮೂರು ಸಲವೂ ಕೈಯಲ್ಲಿ ಇದ್ದದ್ದು ಅದೇ ಕಾರ್ಡು. ಹಾಗಾಗಿ ಅನುಮಾನ ಅದರ ಮೇಲೆ ಹೋಗಿದೆ, ಅಷ್ಟೇ.

ಈ ಕೆಲಸದಲ್ಲಿ ಜನ ಜಾಸ್ತಿ ಹಾಳು ಮಾಡಿಕೊಳ್ಳುವುದೇ "ಮೊದಲಿಂದ ಹಾಕೋಣ" ಅನ್ನುವ ಆತುರದಲ್ಲಿ. ಕಂಪ್ಯೂಟರ್ ಆದರೆ ವಿಂಡೋಸ್ ಮತ್ತೆ ಹಾಕಬಹುದು, ಸೀಡಿ ಇರುತ್ತೆ. ಇಲ್ಲಿ ಹಾಗಲ್ಲ. ಫ್ರೀ ಎಂಸಿಬೂಟ್ ಮತ್ತೆ ಹಾಕಬೇಕು ಅಂದರೆ ಮೊದಲೇ ಹೋಮ್‌ಬ್ರೂ (ಸೋನಿಯ ಹೊರಗಿನ ಆಸಕ್ತರು ಬರೆದ ಪ್ರೋಗ್ರಾಂಗಳು) ಓಡುತ್ತಿರುವ ಇನ್ನೊಂದು ದಾರಿ ಬೇಕು. ನಿಮ್ಮ ಹತ್ತಿರ ಇರುವ ಒಂದೇ ದಾರಿ ಆ ಕಾರ್ಡು. ಅದನ್ನೇ ಒರೆಸಿಬಿಟ್ಟರೆ ಏಣಿ ಹತ್ತಿ ಮೇಲೆ ಹೋದವನು ಏಣಿಯನ್ನೇ ಒದ್ದ ಹಾಗೆ. ಕಾಪಿ ಇಟ್ಟುಕೊಂಡು ಫಾರ್ಮ್ಯಾಟ್ ಮಾಡ್ತೀನಿ ಅಂದುಕೊಳ್ಳಬಹುದು. ಅದೂ ಆಗಲ್ಲ. ಫ್ರೀ ಎಂಸಿಬೂಟ್‌ನ ಮುಖ್ಯ ಫೈಲ್‌ಗಳನ್ನು ಇನ್‌ಸ್ಟಾಲರ್ ಆಯಾ ಕಾರ್ಡಿನ ಮ್ಯಾಜಿಕ್‌ಗೇಟ್ ಅನ್ನುವ ಸೋನಿಯ ಡಿಜಿಟಲ್ ಬೀಗಕ್ಕೆ ಹೊಂದಿಸಿ ಬರೆಯುತ್ತೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಎತ್ತಿ ಹಾಕಿದರೆ ಅವು ಕಾಣುತ್ತವೆ, ಓಡುವುದಿಲ್ಲ.

ಈಗ ಒಂದೊಂದಾಗಿ ನೋಡೋಣ. ಮೊದಲು ಮೆಷಿನ್, ಯಾಕೆಂದರೆ ದೊಡ್ಡ ಗಂಟು ಇರುವುದು ಅಲ್ಲೇ.

ನೀವು ಬರೆದದ್ದರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಮಾತು "ಅಡಾಪ್ಟರ್ ಡಬ್ಬಿ ಇಲ್ಲ" ಅನ್ನುವುದು. ಸ್ಲಿಮ್ ಮಾಡೆಲ್‌ಗಳಲ್ಲಿ 70000, 75000, 77000, 79000 ಸರಣಿಗೆಲ್ಲ ಹೊರಗೊಂದು ಅಡಾಪ್ಟರ್ ಇರುತ್ತೆ. ಪವರ್ ಸಪ್ಲೈ ಒಳಗೇ ಇರುವ ಸ್ಲಿಮ್ ಅಂದರೆ 90000 ಸರಣಿ ಮಾತ್ರ. ಸೋನಿ ಕೊನೆಯಲ್ಲಿ ತಂದ ಸರಣಿ ಅದು, 2007ರ ಕೊನೆಗೆ ಜಪಾನಿನಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಬಂತು. ಮೆಷಿನ್ ಮಗುಚಿ ನೋಡಿ. ಎಸ್‌ಸಿಪಿಎಚ್-9000 ಅಂತ ಶುರುವಾಗಿ ಕೊನೆಯಲ್ಲಿ ಒಂದು ಅಂಕಿ ಇರುತ್ತೆ. ಆ ಕೊನೆಯ ಅಂಕಿ ಯಾವ ಪ್ರದೇಶಕ್ಕೆ ಮಾಡಿದ್ದು ಅಂತ ಹೇಳುತ್ತೆ. 1 ಇದ್ದರೆ ಅಮೆರಿಕದ್ದು, 4 ಇದ್ದರೆ ಯುರೋಪಿನದು, 0 ಜಪಾನ್.

ಅದೇ ಸ್ಟಿಕ್ಕರ್ ಮೇಲೆ ಡೇಟ್ ಕೋಡ್ ಅಂತ ಒಂದು ಅಂಕಿ, ಒಂದು ಅಕ್ಷರ ಇರುತ್ತೆ. 8ಸಿ, 8ಡಿ, 9ಎ ಹೀಗೆ. ಅಂಕಿ ಅಂದರೆ ವರ್ಷ, ಅಕ್ಷರ ಅಂದರೆ ಆ ವರ್ಷದ ಯಾವ ಮೂರು ತಿಂಗಳು ಅನ್ನುವುದು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಎರಡು ಅಕ್ಷರದಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಫ್ರೀ ಎಂಸಿಬೂಟ್ ಹೇಗೆ ಓಡುತ್ತೆ ಅಂತ ಸ್ವಲ್ಪ ಹೇಳಬೇಕು.

ಪಿಎಸ್2 ಆನ್ ಆದ ಕೂಡಲೇ ಮೆಮೊರಿ ಕಾರ್ಡಿನಲ್ಲಿ ಸಿಸ್ಟಮ್ ಅಪ್‌ಡೇಟ್ ಏನಾದರೂ ಇದೆಯಾ ಅಂತ ಒಮ್ಮೆ ಇಣುಕಿ ನೋಡುತ್ತೆ. ಸೋನಿಯೇ ಇಟ್ಟ ವ್ಯವಸ್ಥೆ ಅದು. ಒಂದು ನಿರ್ದಿಷ್ಟ ಹೆಸರಿನ ಫೋಲ್ಡರ್, ಅದರಲ್ಲಿ ಸರಿಯಾಗಿ ಬೀಗ ಹಾಕಿದ ಫೈಲ್ ಕಂಡರೆ ತನ್ನ ಮೆನು ಬಿಟ್ಟು ಅದನ್ನು ಓಡಿಸುತ್ತೆ. ಫ್ರೀ ಎಂಸಿಬೂಟ್ ಅಪ್‌ಡೇಟ್ ವೇಷ ಹಾಕಿಕೊಂಡು ಆ ಜಾಗದಲ್ಲಿ ಕೂತಿರುತ್ತೆ. ಚಿಪ್ ಬೇಡ, ಬೆಸುಗೆ ಬೇಡ, ಕಾರ್ಡ್ ಹಾಕಿದರೆ ಸಾಕು ಅನ್ನುವುದು ಇದೇ ಕಾರಣಕ್ಕೆ. ಆದರೆ 90000 ಸರಣಿಯ ಮಧ್ಯದಲ್ಲಿ ಸೋನಿ ಒಳಗಿನ ರಾಮ್ (ROM, ಅಂದರೆ ಮೆಷಿನ್‌ನಲ್ಲೇ ಬರೆದಿಟ್ಟ, ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಬದಲಿಸಿತು. 2.30 ಅನ್ನುವ ಆ ಹೊಸ ರಾಮ್‌ನಲ್ಲಿ ಇಣುಕಿ ನೋಡುವ ಅಭ್ಯಾಸವನ್ನೇ ತೆಗೆದುಹಾಕಿದರು. ಹಾಗಾಗಿ ಆ ಮೆಷಿನ್‌ಗೆ ನೀವು ಎಂಥಾ ಫ್ರೀ ಎಂಸಿಬೂಟ್ ಕಾರ್ಡ್ ಕೊಟ್ಟರೂ ಅದು ತಿರುಗಿ ನೋಡಲ್ಲ. ಎರರ್ ಇಲ್ಲ, ಕಪ್ಪು ಪರದೆ ಇಲ್ಲ. ಮಾಮೂಲಿ ಮೆನು ಬರುತ್ತೆ, ಸುಮ್ನೆ. ನೀವು ಬರೆದಿರುವುದೂ ಅದೇ ಅಲ್ವಾ?

8ಬಿ ಅಥವಾ ಅದಕ್ಕೂ ಹಿಂದಿನ ಕೋಡ್ ಇದ್ದರೆ ಸಾಮಾನ್ಯವಾಗಿ ಹಳೇ ರಾಮ್, ಫ್ರೀ ಎಂಸಿಬೂಟ್ ಓಡಬೇಕು. 8ಸಿ ಇದ್ದರೆ ಎರಡೂ ಸಿಗುತ್ತವೆ. 8ಡಿ ಅಥವಾ ಆಮೇಲಿನದಾದರೆ ಆಸೆ ಬಿಡಿ. ನನ್ನ ಊಹೆ, ನಿಮ್ಮದು ಈ ಕೊನೆಯ ಗುಂಪಿನದು.

ಊಹೆ ಖಚಿತ ಮಾಡಿಕೊಳ್ಳಲು ಒಂದು ಸಣ್ಣ ಕೆಲಸ ಮಾಡಿ. ಡಿಸ್ಕ್ ಇಲ್ಲದೆ ಆನ್ ಮಾಡಿ, ಪಿಎಸ್2 ಮೆನುವಿನಲ್ಲೇ ಇರುವ ಬ್ರೌಸರ್‌ಗೆ ಹೋಗಿ. ಮೆಮೊರಿ ಕಾರ್ಡ್ ಕಾಣುತ್ತಾ? ಒಳಗೆ ಹೋದರೆ ಐಕಾನ್‌ಗಳು ಬರುತ್ತವಾ? ಬಂದರೆ ಕಾರ್ಡಿಗೂ ಮೆಷಿನ್‌ಗೂ ಮಾತುಕತೆ ಸರಿಯಾಗಿದೆ, ತೊಂದರೆ ರಾಮ್‌ನದೇ. ಕಾರ್ಡೇ ಕಾಣದಿದ್ದರೆ ಅದು ಬೇರೆ ಕಥೆ, ಸ್ಲಾಟ್ ಕೊಳೆಯಾಗಿದೆ. ಅಟ್ಟದ ಮೇಲೆ ಕೂತಿದ್ದ ಮೆಷಿನ್, ಮೇಲಾಗಿ ನಿಮ್ಮ ದುರ್ಗದ ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲವಲ್ಲ. ಆ ಗಾಳಿಯ ಜೊತೆ ಬರುವ ನುಣ್ಣನೆ ದೂಳು ಸ್ಲಾಟ್ ಒಳಗೆ ಕೂತಿರುತ್ತೆ. ಟಾರ್ಚ್ ಹಾಕಿ ನೋಡಿದರೆ ಸ್ಲಾಟಿನ ಮುಚ್ಚಳದ ಹಿಂದೆ ಸಾಲಾಗಿ ಸಣ್ಣ ಪಿನ್ನುಗಳು ಕಾಣುತ್ತವೆ. ಹೊಳಪಿದ್ದರೆ ಸರಿ. ಮಂಕಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಇಲ್ಲಾ ಒಂದು ಪಿನ್ನು ಉಳಿದವಕ್ಕಿಂತ ತಗ್ಗಿದ್ದರೆ, ಕಾರ್ಡ್ ಒಮ್ಮೆ ಕಾಣುತ್ತೆ ಒಮ್ಮೆ ಕಾಣಲ್ಲ. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತೆ. ಮೆಷಿನ್ ವೈರ್ ಕಿತ್ತು, ಹಳೇ ಮೆತ್ತನೆ ಟೂತ್‌ಬ್ರಷ್‌ಗೆ ಅದನ್ನು ಹಚ್ಚಿ ಕಾರ್ಡಿನ ಚಿನ್ನದ ಬಣ್ಣದ ಪಟ್ಟಿ ಒರೆಸಿ. ಸ್ಲಾಟಿಗೂ ಅದೇ, ಆದರೆ ಒತ್ತಬೇಡಿ. ಆರುವವರೆಗೆ ಬಿಟ್ಟು ಆಮೇಲೆ ಹಾಕಿ. ಸೀಮೆಎಣ್ಣೆ, ನೇಲ್ ಪಾಲಿಶ್ ರಿಮೂವರ್ ಇವು ಬೇಡ. ರಿಮೂವರ್‌ನಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ ಕರಗಿಸುತ್ತೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಡೇಟ್ ಕೋಡ್ ಹಳೆಯದು, ಬ್ರೌಸರ್‌ನಲ್ಲಿ ಕಾರ್ಡ್ ಕಾಣುತ್ತೆ, ಆದರೂ ಓಡಲ್ಲ ಅಂದರೆ ನಿಮ್ಮ ಮತ್ತು ಫ್ರೆಂಡಿನ ಮೆಷಿನ್‌ನ ಕೊನೆಯ ಅಂಕಿ ಹೋಲಿಸಿ. ಆ ಅಪ್‌ಡೇಟ್ ಫೋಲ್ಡರಿನ ಹೆಸರು ಒಂದೊಂದು ಪ್ರದೇಶಕ್ಕೆ ಒಂದೊಂದು. ಕಾರ್ಡ್ ಮಾರಿದವರು ಒಂದೇ ಪ್ರದೇಶಕ್ಕೆ ಹಾಕಿದ್ದರೆ ಅಮೆರಿಕದ ಮೆಷಿನ್‌ನಲ್ಲಿ ಓಡಿದ ಕಾರ್ಡ್ ಯುರೋಪಿನ ಮಾಡೆಲ್‌ನಲ್ಲಿ ಓಡಲ್ಲ. ಎಲ್ಲ ಪ್ರದೇಶಕ್ಕೂ ಒಟ್ಟಿಗೆ ಹಾಕುವ ಆಯ್ಕೆ ಇನ್‌ಸ್ಟಾಲರ್‌ನಲ್ಲಿ ಇದೆ. ಆದರೆ ಹಾಗೆ ಹಾಕಿದ ಕಾರ್ಡಿನಲ್ಲಿ ಹಲವು ಫೋಲ್ಡರ್‌ಗಳು ಒಂದೇ ಫೈಲನ್ನು ಹಂಚಿಕೊಂಡಿರುತ್ತವೆ. ಬ್ರೌಸರ್‌ನಲ್ಲಿ ಒಂದನ್ನು ಅಳಿಸಿದರೆ ಎಲ್ಲವೂ ಕೆಡುತ್ತವೆ. ತೆಗೆಯಬೇಕಾದರೆ ಅದೇ ಇನ್‌ಸ್ಟಾಲರ್‌ನಿಂದಲೇ ತೆಗೆಯಬೇಕು. ಹರಿಹರದ ಒಬ್ಬ ಹುಡುಗ ಜಾಗ ಸಾಲದು ಅಂತ "ಒಂದೇ ಥರದ" ಫೋಲ್ಡರ್‌ಗಳನ್ನು ಅಳಿಸಿ ಕಾರ್ಡ್ ತಂದುಕೊಟ್ಟಿದ್ದ. ಅವನ ಆಟದ ಸೇವ್‌ಗಳೂ ಹೋಗಿದ್ದವು. ಅದಕ್ಕೇ ನಾನು ಬೂಟ್ ಕಾರ್ಡ್ ಬೇರೆ, ಸೇವ್ ಕಾರ್ಡ್ ಬೇರೆ ಇಡಿ ಅನ್ನುವುದು.

ಸರಿ, ನಿಮ್ಮದು 2.30 ರಾಮ್ ಅಂತಲೇ ಇಟ್ಟುಕೊಳ್ಳೋಣ. ಮುಂದೇನು?

ಮೂರು ದಾರಿ ಇವೆ. ಫ್ರೀಡಿವಿಡಿಬೂಟ್ ಅಂತ ಒಂದು. 2020ರಲ್ಲಿ ಹೊರಬಂದದ್ದು. ಪಿಎಸ್2ನ ಡಿವಿಡಿ ಪ್ಲೇಯರಿನಲ್ಲಿರುವ ತೂತನ್ನು ಹಿಡಿದು, ಬರ್ನ್ ಮಾಡಿದ ಒಂದು ಡಿವಿಡಿಯಿಂದಲೇ ಹೋಮ್‌ಬ್ರೂ ಓಡಿಸುತ್ತೆ. ಸ್ಲಿಮ್‌ಗಳಿಗೆ ಬಹಳ ಚೆನ್ನಾಗಿದೆ. ಆದರೆ ನಿಮ್ಮ ಲೆನ್ಸ್ ಡಿಸ್ಕೇ ಓದಲ್ಲ, ಹಾಗಾಗಿ ಆ ಬಾಗಿಲು ಮುಚ್ಚಿದೆ.

ಎರಡನೆಯದು ನಿಮ್ಮ ಮಾವ ಹಾಕಿಸಿದ ಚಿಪ್. ಇದನ್ನು ಯಾರೂ ಯೋಚಿಸುವುದೇ ಇಲ್ಲ. ನಮ್ಮ ಕಡೆ ಚಿಪ್ ಹಾಕಿಸುತ್ತಿದ್ದದ್ದು ಕಾಪಿ ಡಿಸ್ಕ್ ಓಡಿಸಲು. ಆದರೆ ಒಳ್ಳೆಯ ಚಿಪ್‌ಗಳಲ್ಲಿ, ಅಂದರೆ ಮ್ಯಾಟ್ರಿಕ್ಸ್ ಇನ್ಫಿನಿಟಿ ಮತ್ತು ಅದನ್ನು ನೋಡಿ ಮಾಡಿದ ಮಾಡ್‌ಬೋ ಥರದವುಗಳಲ್ಲಿ, ಡೆವ್1 ಅನ್ನುವ ಒಂದು ಮೋಡ್ ಇರುತ್ತೆ. ಆನ್ ಮಾಡುವಾಗ ಕಂಟ್ರೋಲರಿನ ಒಂದು ಬಟನ್ ಒತ್ತಿ ಹಿಡಿದರೆ ಚಿಪ್ ನೇರವಾಗಿ ಮೊದಲ ಸ್ಲಾಟಿನ ಕಾರ್ಡಿನಲ್ಲಿ ಬೂಟ್ (BOOT) ಅನ್ನುವ ಫೋಲ್ಡರ್, ಅದರಲ್ಲಿ ಬೂಟ್ ಡಾಟ್ ಎಲ್ಫ್ (BOOT.ELF) ಅನ್ನುವ ಪ್ರೋಗ್ರಾಂ ಫೈಲ್ ಹುಡುಕಿ ಓಡಿಸುತ್ತೆ. ಸೋನಿಯ ರಾಮ್ ಯಾವುದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಬಟನ್ ಯಾವುದು ಅನ್ನುವುದು ಚಿಪ್‌ನಿಂದ ಚಿಪ್‌ಗೆ ಬೇರೆ. ಆರ್1, ಆರ್2, ಎಲ್1, ಎಲ್2, ಟ್ರಯಾಂಗಲ್, ಹೀಗೆ ಒಂದೊಂದೇ ಹಿಡಿದು ನೋಡಿ. ಖರ್ಚಿಲ್ಲ, ಅಪಾಯವೂ ಇಲ್ಲ. ಆದರೆ ಮೊದಲು ಆ ಹೆಸರಿನ ಫೋಲ್ಡರ್ ಮತ್ತು ಫೈಲ್ ಕಾರ್ಡಿನಲ್ಲಿ ಇದೆಯಾ ಅಂತ ಫ್ರೆಂಡ್ ಮನೆಯಲ್ಲಿ ಖಾತ್ರಿ ಮಾಡಿಕೊಳ್ಳಿ. ಮೆಮೊರಿ ಕಾರ್ಡಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಲೆಕ್ಕ. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲೇ ಎರಡೂ ಇರಬೇಕು.

ಮೂರನೆಯದು ಓಪನ್‌ಟ್ಯೂನಾ. ಇದು ಅಪ್‌ಡೇಟ್ ಬಾಗಿಲಿಗೆ ಹೋಗುವುದೇ ಇಲ್ಲ. ಬ್ರೌಸರ್‌ನಲ್ಲಿ ನೀವು ಕಾರ್ಡ್ ತೆರೆದಾಗ ಪಿಎಸ್2 ಪ್ರತಿ ಸೇವ್‌ನ ತಿರುಗುವ ಐಕಾನ್ ತೋರಿಸುತ್ತಲ್ಲ, ಆ ಐಕಾನ್ ಓದುವ ಜಾಗದಲ್ಲಿ ಇರುವ ತಪ್ಪನ್ನು ಇದು ಹಿಡಿಯುತ್ತೆ. ಹಾಗಾಗಿ 2.30 ರಾಮ್‌ನಲ್ಲೂ ಓಡುತ್ತೆ. ಕೊರತೆ ಒಂದೇ. ಆನ್ ಮಾಡಿದ ಕೂಡಲೇ ತಾನಾಗಿ ಬರಲ್ಲ, ಪ್ರತಿ ಸಲ ಬ್ರೌಸರ್‌ಗೆ ಹೋಗಿ ಕಾರ್ಡ್ ತೆರೆಯಬೇಕು. ನನ್ನ ಕೇಳಿದರೆ ಕೊನೆಯ ಸ್ಲಿಮ್‌ಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಚಿಪ್ ಡೆವ್1ಗೆ ಬಂದರೆ ಅದು ಬೋನಸ್ಸು ಅಂದುಕೊಳ್ಳಿ.

ಓಪನ್‌ಟ್ಯೂನಾ ಹಾಕಲು ಮತ್ತೆ ದಾವಣಗೆರೆ ಬಸ್ ಹತ್ತಬೇಕು. ಫ್ರೆಂಡ್ ಮೆಷಿನ್‌ನಲ್ಲಿ ನಿಮ್ಮ ಈಗಿನ ಕಾರ್ಡ್ ಮೊದಲ ಸ್ಲಾಟಿಗೆ, ಇನ್ನೊಂದು ಖಾಲಿ ಕಾರ್ಡ್ ಎರಡನೇ ಸ್ಲಾಟಿಗೆ. ಆ ಎರಡನೆಯದು ಸೋನಿಯ 8 ಎಂಬಿ ಒರಿಜಿನಲ್ ಆದರೆ ಒಳ್ಳೆಯದು. ದಪ್ಪ ಅಕ್ಷರದಲ್ಲಿ 128 ಎಂಬಿ ಅಂತ ಬರೆದ ಅಗ್ಗದ ಕಾರ್ಡುಗಳನ್ನು ನಾನು ನಂಬುವುದಿಲ್ಲ. ಫೈಲ್ ಬರೆಯುತ್ತವೆ, ತಿಂಗಳು ಕಳೆದ ಮೇಲೆ ಓದುವುದಿಲ್ಲ. ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ನಿಂದ ಯುಲಾಂಚ್‌ಎಲ್ಫ್ (ಫೈಲ್ ನೋಡುವ, ಓಡಿಸುವ ಪ್ರೋಗ್ರಾಂ) ಮೂಲಕ ತೆರೆಯಿರಿ. ಇಲ್ಲಿ ಒಂದು ಕಡೆ ಎಚ್ಚರ ಬೇಕು. ತಾನಾಗಿ ಹಾಕುವ ಆಯ್ಕೆ ಒತ್ತಿದರೆ ಇನ್‌ಸ್ಟಾಲರ್ ತಾನು ಕೂತಿರುವ ಮೆಷಿನ್ ನೋಡಿ ಅದಕ್ಕೆ ಹೊಂದುವುದನ್ನು ಹಾಕುತ್ತೆ. ಫ್ರೆಂಡಿನದು ದಪ್ಪ ಮಾಡೆಲ್. ನಿಮಗೆ ಬೇಕಾದ್ದು ಸ್ಲಿಮ್‌ದು. ಹಾಗಾಗಿ ನೀವೇ ಆರಿಸುವ ಆಯ್ಕೆಗೆ ಹೋಗಿ, ಸ್ಲಿಮ್ ಅಂತ ಇರುವುದನ್ನು ಹಿಡಿದು, ಎರಡನೇ ಸ್ಲಾಟಿಗೆ ಹಾಕಿ. ಫೈಲುಗಳನ್ನು ಕೈಯಿಂದ ಕಾಪಿ ಮಾಡಲು ಹೋಗಬೇಡಿ. ಈ ತಂತ್ರದಲ್ಲಿ ಫೋಲ್ಡರಿನ ತಾರೀಖಿಗೂ ಬೆಲೆ ಇದೆ, ಮಾಮೂಲಿ ಕಾಪಿಯಲ್ಲಿ ಅದು ಬದಲಾಗುತ್ತೆ. ಮನೆಗೆ ಬಂದು ಆ ಕಾರ್ಡನ್ನು ಮೊದಲ ಸ್ಲಾಟಿಗೆ ಹಾಕಿ ಬ್ರೌಸರ್ ತೆರೆಯಿರಿ. ಅದರಲ್ಲಿ ಆಟದ ಸೇವ್ ಇಡಬೇಡಿ.

ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಕತೆ ಮುಗಿದ ಹಾಗೇ. ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಇಲ್ಲಾ ಇನ್ವರ್ಟರ್ ಲೈನಿನಲ್ಲಿ ಇರುವ ಪ್ಲಗ್ ಯಾವುದು ಅಂತ ಫ್ರೆಂಡ್‌ನ ಮೊದಲೇ ಕೇಳಿ.

ಈಗ ಪೆನ್‌ಡ್ರೈವ್. ಇದು ಹತ್ತು ನಿಮಿಷದ ಕೆಲಸ, ಆದರೆ ಅತಿ ಹೆಚ್ಚು ಜನ ಕೇಳುವುದು ಇದನ್ನೇ.

ನಿಮ್ಮದು 64 ಜಿಬಿ. ಆ ಸೈಜಿನ ಡ್ರೈವ್‌ಗಳು ಕಂಪನಿಯಿಂದ ಬರುವಾಗಲೇ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿ (ಫೈಲ್‌ಗಳನ್ನು ಜೋಡಿಸಿಡುವ ರೀತಿ) ಇರುತ್ತವೆ. ಲ್ಯಾಪ್‌ಟಾಪ್ ಅದನ್ನು ಸಲೀಸಾಗಿ ಓದುತ್ತೆ. ಪಿಎಸ್2 ಹುಟ್ಟಿದ್ದು 2000ದಲ್ಲಿ, ಎಕ್ಸ್‌ಫ್ಯಾಟ್ ಬಂದದ್ದು 2006ರಲ್ಲಿ. ಈಚಿನ ಕೆಲವು ಹೋಮ್‌ಬ್ರೂಗಳಿಗೆ ಎಕ್ಸ್‌ಫ್ಯಾಟ್ ಕಲಿಸಿದ್ದಾರೆ. ಆದರೆ ರೆಡಿಮೇಡ್ ಕಾರ್ಡುಗಳಲ್ಲಿ ಬರುವ ಹಳೇ ಯುಲಾಂಚ್‌ಎಲ್ಫ್‌ಗೆ ಅದು ಗೊತ್ತಿಲ್ಲ. ಫೈಲ್‌ಬ್ರೌಸರ್‌ನಲ್ಲಿ ಮಾಸ್ ಅನ್ನುವ ಸಾಲು (ಅದೇ ಪೆನ್‌ಡ್ರೈವ್) ಕಾಣುತ್ತೆ, ಒತ್ತಿದರೆ ಒಳಗೆ ಎರಡು ಚುಕ್ಕಿ ಬಿಟ್ಟರೆ ಏನೂ ಇರಲ್ಲ. ನೋಡಿದವರಿಗೆ ಡ್ರೈವ್ ಖಾಲಿ ಅನ್ನಿಸುತ್ತೆ. ಅದು ಖಾಲಿ ಅಲ್ಲ, ಅದಕ್ಕೆ ಓದಲು ಬರಲಿಲ್ಲ ಅಷ್ಟೇ.

ಬೇಕಾದ್ದು ಎರಡು. ಡ್ರೈವ್‌ನ ಫಾರ್ಮ್ಯಾಟ್ ಹಳೇ ಫ್ಯಾಟ್32 ಆಗಿರಬೇಕು, ಪಾರ್ಟಿಷನ್ ಅಂದರೆ ಡ್ರೈವ್‌ನ ಜಾಗ ಭಾಗ ಮಾಡಿದ ಪಟ್ಟಿ ಹಳೇ ಎಂಬಿಆರ್ ರೀತಿಯದಾಗಿರಬೇಕು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಫ್ಯಾಟ್32 ಮಾಡಿದರೂ ಜಿಪಿಟಿ ಅನ್ನುವ ಹೊಸ ರೀತಿಯ ಪಾರ್ಟಿಷನ್ ಇದ್ದರೆ ಪಿಎಸ್2ನ ಹಳೇ ಪ್ರೋಗ್ರಾಂಗಳಿಗೆ ಕಾಣಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಕೆಳಗೆ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ವಾಲ್ಯೂಮ್ಸ್ ನೋಡಿ. ಪಾರ್ಟಿಷನ್ ಸ್ಟೈಲ್ ಅಂತ ಅಲ್ಲೇ ಬರೆದಿರುತ್ತೆ. ಇನ್ನು ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಡ್ರೈವ್‌ಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸದೆ ಇರಬಹುದು. ರೂಫಸ್ ಅನ್ನುವ ಪುಕ್ಕಟೆ ಪ್ರೋಗ್ರಾಂನಲ್ಲಿ ಬೂಟ್ ಬೇಡ ಅಂತ ಆರಿಸಿ, ಎಂಬಿಆರ್, ಫ್ಯಾಟ್32 ಎರಡನ್ನೂ ಹಾಕಿದರೆ ಒಂದೇ ಏಟಿಗೆ ಆಗುತ್ತೆ. ಡ್ರೈವ್‌ನಲ್ಲಿ ಇರುವುದೆಲ್ಲ ಹೋಗುತ್ತೆ, ಮೊದಲು ಲ್ಯಾಪ್‌ಟಾಪಿಗೆ ಎತ್ತಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಬೇಕಾದದ್ದು ಇದನ್ನು, ಕಾರ್ಡನ್ನಲ್ಲ.

ನಿಜ ಹೇಳಬೇಕಂದರೆ ಹೋಮ್‌ಬ್ರೂ ಹಾಕಲು 64 ಜಿಬಿ ಬೇಕಾಗಿಯೇ ಇಲ್ಲ. ಒಂದೊಂದು ಎಲ್ಫ್ ಫೈಲ್ ಒಂದೆರಡು ಎಂಬಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ 4 ಅಥವಾ 8 ಜಿಬಿ ಹಳೇ ಪೆನ್‌ಡ್ರೈವ್ ಇದ್ದರೆ ಅದೇ ಲೇಸು. ಹೊಸ ಯುಎಸ್‌ಬಿ 3 ಡ್ರೈವ್‌ಗಳಲ್ಲಿ ಕೆಲವನ್ನು ಪಿಎಸ್2 ಒಪ್ಪುವುದೇ ಇಲ್ಲ. ವೇಗದ ಆಸೆಯೂ ಬೇಡ. ಮುಂದಿರುವ ಎರಡೂ ಪೋರ್ಟು ಯುಎಸ್‌ಬಿ 1.1, ಸೆಕೆಂಡಿಗೆ ಸುಮಾರು ಒಂದು ಎಂಬಿ ಎಳೆದರೆ ಹೆಚ್ಚು. ನೀವು ಎಷ್ಟು ದುಡ್ಡು ಕೊಟ್ಟು ಡ್ರೈವ್ ತಂದರೂ ಅಷ್ಟೇ.

ಫೈಲ್ ಕಾಣಿಸಿಯೂ ಓಡದೆ ಕಪ್ಪಾಗಿ ವಾಪಸ್ ಬರುವುದು ಇನ್ನೊಂದು ಗೋಳು. ನಿಮಗೆ ಮುಂದೆ ಬರಬಹುದು, ಅದಕ್ಕೆ ಹೇಳುತ್ತಿದ್ದೇನೆ. ಮೊಬೈಲಲ್ಲಿ ಡೌನ್‌ಲೋಡ್ ಮಾಡಿದ ಜಿಪ್ ಫೈಲನ್ನು ಬಿಚ್ಚದೆ ಹಾಗೇ ಹಾಕಿರುತ್ತಾರೆ. ಇಲ್ಲಾ ವಿಂಡೋಸ್ ಎಕ್ಸ್‌ಟೆನ್ಷನ್ ಮುಚ್ಚಿಟ್ಟು, ಹೆಸರು ಬದಲಿಸುವಾಗ ಎಲ್ಫ್ ಆದ ಮೇಲೆ ಇನ್ನೊಂದು ಬಾಲ ಸೇರಿರುತ್ತೆ. ಫೋಲ್ಡರಿಗೆ ಕನ್ನಡದಲ್ಲಿ ಹೆಸರು ಇಟ್ಟವರನ್ನೂ ನೋಡಿದ್ದೇನೆ. ಅಭಿಮಾನ ಸರಿ, ಆದರೆ ಪಿಎಸ್2 ಪರದೆಯಲ್ಲಿ ಅದು ಬರೀ ಕಸ. ಸ್ಪೇಸ್ ಇಲ್ಲದ ಸಣ್ಣ ಇಂಗ್ಲಿಷ್ ಹೆಸರು ಇಡಿ. ಲ್ಯಾಪ್‌ಟಾಪಿನಿಂದ ಕೀಳುವ ಮುಂಚೆ ಇಜೆಕ್ಟ್ ಒತ್ತಿ. ಫೈಲ್ ಪೂರ್ತಿ ಬರೆದಿರದಿದ್ದರೂ ಹೆಸರು ಮಾತ್ರ ಕಾಣುತ್ತೆ, ಒತ್ತಿದರೆ ಕಪ್ಪು.

ದಿನಾ ಬಳಸುವ ಪ್ರೋಗ್ರಾಂಗಳನ್ನು ಪೆನ್‌ಡ್ರೈವ್‌ನಿಂದ ಓಡಿಸುವುದಕ್ಕಿಂತ ಕಾರ್ಡಿಗೇ ಹಾಕಿಡಿ. ಯುಲಾಂಚ್‌ಎಲ್ಫ್‌ನಲ್ಲಿ ಫೈಲ್ ಮೇಲೆ ನಿಂತು ಆರ್1 ಒತ್ತಿದರೆ ಕಾಪಿ, ಪೇಸ್ಟ್ ಇರುವ ಮೆನು ಬರುತ್ತೆ. ಅಲ್ಲಿ ಸಾಮಾನ್ಯವಾಗಿ ಸರ್ಕಲ್ ಅಂದರೆ ಹೂಂ, ಕ್ರಾಸ್ ಅಂದರೆ ಬೇಡ. ನಮ್ಮ ಕೈಗೆ ಉಲ್ಟಾ ರೂಢಿ, ಹುಷಾರಾಗಿ ಒತ್ತಿ.

ಕಪ್ಪು ಟಿವಿಗೆ ಬಂದರೆ, ಇದು ಬಹಳ ಸುಲಭ. ಫ್ರೆಂಡ್ ಮನೆಯಲ್ಲಿ ಟಿವಿಗೆ ಹಾಕಿರುವುದು ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ವೈರ್ ಇರಬೇಕು. ಆ ಒಂದು ಹಳದಿ ವೈರಿನಲ್ಲಿ 480ಪಿ ಹೋಗುವುದಿಲ್ಲ. ಚಿತ್ರಕ್ಕೆ ಹಸಿರು, ನೀಲಿ, ಕೆಂಪು ಮೂರು ಪಿನ್ ಇರುವ ಕಾಂಪೊನೆಂಟ್ ಕೇಬಲ್ ಬೇಕು, ಟಿವಿಯಲ್ಲೂ ಅದಕ್ಕೆ ಜಾಗ ಬೇಕು. ಒಪಿಎಲ್ ಕೆಟ್ಟಿಲ್ಲ. ಅದು ಓಡುತ್ತಿದೆ, ಚಿತ್ರವನ್ನು ಟಿವಿಗೆ ಅರ್ಥವಾಗದ ರೀತಿಯಲ್ಲಿ ಕಳಿಸುತ್ತಿದೆ. ಸೆಟ್ಟಿಂಗ್ ಉಳಿದಿರುವುದು ಕಾರ್ಡಿನಲ್ಲಿ. ಹಾಗಾಗಿ ಕಾರ್ಡ್ ಎಲ್ಲಿ ಹೋದರೆ ಅಲ್ಲಿ ಕಪ್ಪು. ಒಪಿಎಲ್ ಆರಿಸಿದ ಕೂಡಲೇ ಟ್ರಯಾಂಗಲ್ ಮತ್ತು ಕ್ರಾಸ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ವಿಡಿಯೊ ಮೋಡ್ ಆಟೊಗೆ ವಾಪಸ್ ಬರುತ್ತೆ. ಚಿತ್ರ ಬಂದ ಮೇಲೆ ಸೇವ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಕತ್ತಲೆ.

ನಿಮ್ಮ ಮನೆಯಲ್ಲಿ ಹೊಸ ಎಲ್‌ಇಡಿ ಟಿವಿ ಇದ್ದರೆ ಇನ್ನೊಂದು ವಿಷಯ. ಈಗಿನ ಎಷ್ಟೋ ಟಿವಿಗಳಲ್ಲಿ ಹಳದಿ ತೂತು ಬೇರೆ ಇರಲ್ಲ, ಹಸಿರು ತೂತಿಗೇ ಹಳದಿ ಪಿನ್ ಚುಚ್ಚಬೇಕು. ಆಮೇಲೆ ಟಿವಿಯ ಇನ್‌ಪುಟ್‌ನಲ್ಲಿ ಎವಿ ಆರಿಸಬೇಕು. ಕಾಂಪೊನೆಂಟ್ ಅಂತ ಆರಿಸಿದರೆ ಕಪ್ಪು ಬಿಳುಪು ಚಿತ್ರ ಬರುತ್ತೆ. ಹಳೇ ಡಬ್ಬಾ ಟಿವಿಯಲ್ಲಿ ಬಣ್ಣ ಹೋದರೆ ಅಥವಾ ಚಿತ್ರ ಮೇಲಿಂದ ಕೆಳಗೆ ಉರುಳಿದರೆ ಅದು ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿ), ಪಾಲ್ (ನಮ್ಮ ಕಡೆಯದು) ಜಗಳ. ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಪಾಲ್ ಮಾಡಿ.

ಕಾನೂನಿನ ಮಾತೂ ಎರಡು ಆಡಿಬಿಡುತ್ತೇನೆ, ಒಪಿಎಲ್ ಹೆಸರು ತೆಗೆದಿದ್ದೀರಿ ಅಂತ. ಒಪಿಎಲ್, ಯುಲಾಂಚ್‌ಎಲ್ಫ್ ಇವೆಲ್ಲ ಆಸಕ್ತರು ಬರೆದು ಪುಕ್ಕಟೆ ಹಂಚಿದ ಪ್ರೋಗ್ರಾಂಗಳು, ಅವನ್ನು ಓಡಿಸಲು ಯಾರ ಆಟವನ್ನೂ ಕದಿಯಬೇಕಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಅನ್ನುತ್ತೆ. ನಿಮ್ಮ ಮಾವನ ಹತ್ತಿರ ಒರಿಜಿನಲ್ ಡಿಸ್ಕ್ ಉಳಿದಿದ್ದರೆ ಜೋಪಾನ ಮಾಡಿ. ಸಾವಿರ ಆಟ ತುಂಬಿದ ಹಾರ್ಡ್ ಡಿಸ್ಕ್ ಮಾರುತ್ತಾರಲ್ಲ, ಅದರ ಕಡೆ ಹೋಗಬೇಡಿ. ಅದರ ರಿಪೇರಿ ಪ್ರಶ್ನೆಗೆ ನಾನು ಉತ್ತರ ಬರೆಯುವುದಿಲ್ಲ.

ಡಿಸ್ಕ್ ಓದದ ಲೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಲಿಮ್‌ನಲ್ಲಿ ಮುಚ್ಚಳ ತೆರೆದರೆ ಲೆನ್ಸ್ ಕಣ್ಣೆದುರೇ ಇದೆ. ಅದೇ ಆಲ್ಕೋಹಾಲ್ ಹಚ್ಚಿದ ಹತ್ತಿಯ ಕಡ್ಡಿಯಿಂದ ನಿಧಾನಕ್ಕೆ ಒರೆಸಿ ನೋಡಿ. ದೂಳಿನಿಂದ ಆಗಿದ್ದರೆ ಅಷ್ಟರಲ್ಲೇ ಸರಿ ಹೋಗಬಹುದು. ಹೋಗದಿದ್ದರೆ ಒಳಗಿನ ಸ್ಕ್ರೂ ತಿರುಗಿಸಿ ಲೇಸರ್ ಪವರ್ ಏರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸ್ವಲ್ಪ ದಿನ ಓದುತ್ತೆ, ಆಮೇಲೆ ಲೆನ್ಸ್ ಪೂರ್ತಿ ಹೋಗುತ್ತೆ. ಪಿಎಸ್2 ತಯಾರಿಕೆ ನಿಂತು 10 ವರ್ಷದ ಮೇಲಾಯಿತು. ಈಗ ಸಿಗುವ "ಹೊಸ" ಲೆನ್ಸ್‌ಗಳಲ್ಲಿ ಒಳ್ಳೆಯದು ಯಾವುದು ಅಂತ ಹಾಕಿ ನೋಡಿಯೇ ಹೇಳಬೇಕು. ಹೋಮ್‌ಬ್ರೂ ಓಡಿಸಲು ಲೆನ್ಸ್ ಬೇಕಿಲ್ಲ, ಹಾಗಾಗಿ ಅದಕ್ಕೆ ಈಗಲೇ ದುಡ್ಡು ಹಾಕಬೇಡಿ.

ಮೊದಲು ಕಾರ್ಡ್ ಬ್ರೌಸರ್‌ನಲ್ಲಿ ಕಾಣುತ್ತಾ ನೋಡಿ, ಪೆನ್‌ಡ್ರೈವ್ ಫ್ಯಾಟ್32 ಮಾಡಿಕೊಳ್ಳಿ, ಇನ್‌ಸ್ಟಾಲರ್ ಬಿಚ್ಚಿ ಅದಕ್ಕೆ ಹಾಕಿ, ಖಾಲಿ 8 ಎಂಬಿ ಕಾರ್ಡ್ ಹೊಂದಿಸಿ. ಇಷ್ಟಾದ ಮೇಲೆ ಫ್ರೆಂಡ್ ಮನೆಗೆ ಹೊರಡಿ. ಆಮೇಲೂ ನಿಂತರೆ ಮತ್ತೆ ಬರೆಯಿರಿ. ಆಗ ಸ್ಟಿಕ್ಕರಿನ ಫೋಟೊ, ಯಾವ ಬಟನ್ ಹಿಡಿದಾಗ ಪರದೆಯಲ್ಲಿ ಏನು ಬಂತು ಅನ್ನುವುದು, ಆನ್ ಮಾಡುವಾಗ ಬಣ್ಣದ ಮಿಂಚು ಅಥವಾ ಲೋಗೊ ಏನಾದರೂ ಕಂಡಿತಾ ಅನ್ನುವುದು, ಇವಿಷ್ಟನ್ನು ಕಳಿಸಿ. ಚಿಪ್ ಯಾವುದು ಅಂತ ಮೆಷಿನ್ ಬಿಚ್ಚದೆಯೇ ಅದರಿಂದ ಸುಮಾರಾಗಿ ಹೇಳಬಹುದು.